ಮರಿಯಮ್ಮನ ತವರುಮನೆ

ನಮ್ಮ ನಡುಮನೆಯಲ್ಲಿ, ರಾಗಿ ಚೀಲಗಳಿಗೂ ಅಡುಗೆಮನೆಯ ಬಾಗಿಲಿಗೂ ನಡುವೆ, ವರ್ಷಕ್ಕೊಮ್ಮೆ ಒಬ್ಬಳು ಬಸುರಿ ಬಂದು ಇಳಿದುಕೊಳ್ಳುವ ಮೂಲೆಯಿತ್ತು. ಅವಳು ಬರುವ ಹಿಂದಿನ ದಿನ ಅಜ್ಜಿ ಚೀಲಗಳನ್ನೆಲ್ಲ ಆಚೆಗೆ ಸರಿಸಿ, ನೆಲ ಸಾರಿಸಿ, ಮಣೆ ಹಾಕಿ, ಅದರ ಮೇಲೆ ಒಗೆದು ಮೆತ್ತಗಾದ ತನ್ನದೇ ಹಳೇ ಸೀರೆಯನ್ನು ಮಡಿಸಿ ಹಾಸುತ್ತಿದ್ದಳು. ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿತಾಟು ಕಟ್ಟುತ್ತಿದ್ದಳು. ಬಸುರಿ ಎಂದರೆ ಮಾತೆ ಮರಿಯಮ್ಮ; ಮೊಳದುದ್ದದ ಮರದ ಸ್ವರೂಪ, ಅಂದರೆ ವಿಗ್ರಹ. ವರ್ಷವಿಡೀ ದೇವರ ಗೂಡಿನಲ್ಲಿ ನಿಂತಿರುತ್ತಿದ್ದ ಅವಳ ಮೂಗಿನ ತುದಿಯ ಬಣ್ಣ ಮುತ್ತಿಟ್ಟೂ ಮುತ್ತಿಟ್ಟೂ ಹೋಗಿಬಿಟ್ಟಿತ್ತು. ಅಜ್ಜಿಯ ಎದುರಿಗೆ ಅದನ್ನು ಗೊಂಬೆ ಎಂದವರಿಗೆ ಆವತ್ತು ಊಟದ ಹೊತ್ತಿಗೆ ಬೈಗುಳ ತಪ್ಪುತ್ತಿರಲಿಲ್ಲ. ಅಜ್ಜಿ, ಅಂದರೆ ನನ್ನ ಅಪ್ಪನ ತಾಯಿ ಆರೋಗ್ಯಮ್ಮ, ಓದು ಬರಹ ಬಾರದವಳು. ನನಗೆ ಜಪ ಕಲಿಸಿದವಳು ಅವ್ವ, ಧರ್ಮೋಪದೇಶ ಕಲಿಸಿದವರು ಸಿಸ್ಟರುಗಳು. ಆದರೆ ದೇವರು ಎಂಬುದೊಂದು ಇದೆ, ಅದು ನಮ್ಮ ಮನೆಯದೇ ಎಂದು ನನ್ನ ಮೈಗೆ ಹತ್ತಿಸಿದವಳು ಅಜ್ಜಿ. ಆಮೇಲೆ ಅದನ್ನು ಕಿತ್ತುಕೊಂಡವಳೂ ಅವಳೇ ಎಂದು ನಾನು ಬಹಳ ವರ್ಷ ಅವಳ ಮೇಲೆ ಮುನಿಸಿಕೊಂಡಿದ್ದೆ. ಈಗಲೂ ಆ ಮುನಿಸು ಪೂರ್ತಿ ಹೋಗಿಲ್ಲ.

ಪಾಂಡವಪುರದ ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ಎಂದರೆ ನಮ್ಮದೊಂದೇ. ಚರ್ಚಿನ ಪೂಜೆಗೆ ಶ್ರೀರಂಗಪಟ್ಟಣದ ಬಸ್ಸು ಹತ್ತಬೇಕು. ಅಜ್ಜಿಯ ಪ್ರಕಾರ ಬೈಬಲಿನಲ್ಲಿ ನಡೆದದ್ದೆಲ್ಲ ಸರಿ, ಒಂದು ಮಾತ್ರ ತಪ್ಪು: ಚೊಚ್ಚಲ ಬಸುರಿಯನ್ನು ತುಂಬಿದ ತಿಂಗಳಲ್ಲಿ ಗಂಡನ ಊರಿಗೆ ಕರೆದುಕೊಂಡು ಹೋದದ್ದು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಅದು ಬಿಟ್ಟು ಬೆತ್ಲೆಹೇಮು ಅಂತ ಹೊರಟರೆ ಕೊಟ್ಟಿಗೆಯಲ್ಲದೆ ಇನ್ನೆಲ್ಲಿ ಜಾಗ ಸಿಗುತ್ತದೆ? ಆ ತಪ್ಪನ್ನು ತಿದ್ದುವ ಜವಾಬ್ದಾರಿಯನ್ನು ಅವಳು ತಾನೇ ಹೊತ್ತುಕೊಂಡಿದ್ದಳು. ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಇರುವಾಗ ಮರಿಯಮ್ಮನನ್ನು ಎದುರುಮನೆಯ ನಿಂಗಮ್ಮನ ಮನೆಗೆ ಒಯ್ದು ಕೂರಿಸುತ್ತಿದ್ದಳು. ನಿಂಗಮ್ಮ ಗೌಡರ ಪೈಕಿ, ಅಜ್ಜಿಯ ಗೆಳತಿ. ಆ ಒಂದು ದಿನ ಅವರ ಮನೆ ಮರಿಯಮ್ಮನ ಗಂಡನ ಮನೆ. ಮಾರನೆಯ ದಿನ ನಾವು ಹೂವು, ಬಳೆ, ಬೆಲ್ಲ, ಕಾಯಿ ಹಿಡಿದು ತವರಿನವರಾಗಿ ಹೋಗುತ್ತಿದ್ದೆವು. ನಿಂಗಮ್ಮ ನಮಗೆ ಊಟ ಹಾಕಿ, ಮರಿಯಮ್ಮನಿಗೆ ಅರಿಶಿನ ಕುಂಕುಮ ಇಟ್ಟು, ಮಡಿಲಕ್ಕಿ ತುಂಬಿ, ಸೊಸೆಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಬೀಗಿತ್ತಿಯ ಬಿಗುಮಾನದಲ್ಲಿ ಹೇಳಿ ಕಳಿಸುತ್ತಿದ್ದಳು. ಜೋಸೆಫರ ಸ್ವರೂಪ ನಮ್ಮಲ್ಲಿರಲಿಲ್ಲ. ಅಳಿಯ ಎಲ್ಲಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಮರಗೆಲಸಕ್ಕೆ ಹೋಗಿದ್ದಾನೆ, ಕೂಸು ನೋಡಲು ಬರುತ್ತಾನೆ ಎಂದಿದ್ದರು ಇಬ್ಬರೂ ಸೇರಿ. ಮುಂದೆ ಓದಿಕೊಂಡ ಕೆಲವರ ಎದುರು ಇದನ್ನು ಹೇಳಿದಾಗ, ಆಹಾ ಎಂಥ ಸೌಹಾರ್ದ ಎಂದು ಕಣ್ಣರಳಿಸಿದ್ದಾರೆ. ಸೌಹಾರ್ದವೂ ಇಲ್ಲ, ಮಣ್ಣೂ ಇಲ್ಲ. ಅಜ್ಜಿಗೆ ಬೀಗರು ಬೇಕಿತ್ತು, ನಿಂಗಮ್ಮನಿಗೆ ಬೀಗಿತ್ತಿಯ ಗತ್ತು ಬೇಕಿತ್ತು, ಅಷ್ಟೆ.

ಬಸುರಿ ಮನೆಗೆ ಬಂದಳೆಂದರೆ ಮನೆಯ ಶಿಸ್ತೇ ಬೇರೆ. ಅವಳ ಮುಂದೆ ಜಗಳ ಆಡುವಂತಿಲ್ಲ. ಅಪ್ಪ ಅವ್ವನಿಗೆ ಜಗಳವಿಲ್ಲದೆ ತಿಂದದ್ದು ಅರಗುತ್ತಿರಲಿಲ್ಲ. ಆ ತಿಂಗಳು ಪೂರ್ತಿ ಅವರು ಹಿತ್ತಿಲಿಗೆ ಹೋಗಿ, ಒಗೆಯುವ ಕಲ್ಲಿನ ಹತ್ತಿರ ನಿಂತು, ಗಂಟಲು ತಗ್ಗಿಸಿ ಬೈದಾಡಿಕೊಂಡು ಬರುತ್ತಿದ್ದರು. ತಗ್ಗಿದ ಗಂಟಲಿನಲ್ಲಿ ಜಗಳ ಬಹಳ ಹೊತ್ತು ನಿಲ್ಲುವುದಿಲ್ಲ ಎಂಬುದನ್ನು ನಾನು ಕಲಿತದ್ದು ಆಗ. ಇನ್ನು ಬಯಕೆ. ಸಂಜೆ ಜಪ ಮುಗಿದ ಮೇಲೆ ನಾನು ಮತ್ತು ನನ್ನ ತಂಗಿ ಲಿಲ್ಲಿ ಬಸುರಿಯ ಬಯಕೆಗೆಂದು ಏನಾದರೂ ತಂದಿಡಬೇಕು. ಅದು ನಮಗೆ ಆಸೆಯಾಗಿ, ತಿನ್ನದೆ ಉಳಿಸಿದ್ದೇ ಆಗಿರಬೇಕು. ಸೀಬೆಕಾಯಿ, ಹುಣಸೆಕಾಯಿ, ಕಬ್ಬಿನ ತುಂಡು, ಬೇಯಿಸಿದ ಅವರೆಕಾಯಿ. ನನಗೆ ಬೇಡವಾದದ್ದನ್ನು ಇಟ್ಟರೆ ಅಜ್ಜಿ ಮುಖ ನೋಡಿಯೇ ಕಂಡುಹಿಡಿದು, ಇದು ನಿನ್ನ ಬಯಕೆಯಲ್ಲ ಎಂದು ವಾಪಸು ಕೊಡುತ್ತಿದ್ದಳು. ಬೆಳಗ್ಗೆ ಅದೆಲ್ಲವನ್ನೂ ಕುಕ್ಕೆಗೆ ತುಂಬಿಕೊಂಡು, ಜೊತೆಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಹಿಡಿದು, ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದವರ ಗುಡಾರಗಳಿಗೆ ನಮ್ಮನ್ನು ಕರೆದೊಯ್ಯುತ್ತಿದ್ದಳು. ಅಲ್ಲಿ ಪ್ರತಿ ವರ್ಷ ಯಾರಾದರೊಬ್ಬಳು ಬಸುರಿ ಇದ್ದೇ ಇರುತ್ತಿದ್ದಳು. ಅವಳು ತಿನ್ನುವುದನ್ನು ನಾವು ನಿಂತು ನೋಡಬೇಕು. ನನ್ನ ಸೀಬೆಕಾಯಿಯನ್ನು ಬೇರೆಯವಳು ಕಚ್ಚುವುದನ್ನು ನೋಡುತ್ತ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಒಂದು ದಿನ ಉರಿಯಲಿಲ್ಲ. ಯಾಕೆ ಎಂದು ನನಗೆ ಗೊತ್ತಾಗಲಿಲ್ಲ, ಅಜ್ಜಿಯೂ ವಿವರಿಸಲಿಲ್ಲ. ಇವಳು ತಿಂದರೆ ಮರಿಯಮ್ಮನ ಬಾಯಿಗೆ ರುಚಿ ಗೊತ್ತಾಗುತ್ತದೆ ಎಂದಷ್ಟೇ ಹೇಳಿದಳು.

ಕ್ರಿಸ್ಮಸ್ಸಿನ ಪೂಜೆಗೆ ಅಜ್ಜಿ ಯಾವತ್ತೂ ಬಂದವಳಲ್ಲ. ಚರ್ಚಿನ ಸ್ವಾಮಿಗಳು ಒಮ್ಮೆ ಮನೆಗೆ ಬಂದಾಗ ಈ ಬಗ್ಗೆ ಆಕ್ಷೇಪಿಸಿದ್ದರು. ಹೆರಿಗೆಮನೆ ಬಿಟ್ಟು ಹೇಗೆ ಬರಲಿ ಎಂದು ಅಜ್ಜಿ ತಿರುಗಿ ಕೇಳಿದ್ದಳು. ಸ್ವಾಮಿಗಳು ಆ ಮೂಲೆಯನ್ನೂ, ಗೋಣಿತಾಟನ್ನೂ, ಮಣೆಯನ್ನೂ ನೋಡಿ, ಪೇಟೆಯ ದೊಡ್ಡ ದೊಡ್ಡ ಗೋದಲಿಗಳಲ್ಲಿ, ಅಂದರೆ ಕ್ರಿಸ್ಮಸ್ಸಿಗೆ ಕಟ್ಟುವ ಕೊಟ್ಟಿಗೆಗಳಲ್ಲಿ, ಮಲಗಲು ಜಾಗವೊಂದು ಬಿಟ್ಟು ಎಲ್ಲ ಇರುತ್ತದೆ ಎಂದು ಹೇಳಿ, ಕಾಫಿ ಕುಡಿದು ಹೋದರು. ನಾವು ಪೂಜೆ ಮುಗಿಸಿ, ಬಸ್ಸಿಳಿದು, ಓಡಿಕೊಂಡು ಮನೆಗೆ ಬರುವಷ್ಟರಲ್ಲಿ ಕೂಸು ಹುಟ್ಟಿರುತ್ತಿತ್ತು. ಮೊರದಲ್ಲಿ ಭತ್ತ ಹರಡಿ, ಅದರ ಮೇಲೆ ಬಟ್ಟೆ ಹಾಸಿ ಅಜ್ಜಿ ಬೆರಳುದ್ದದ ಮರದ ಬಾಲಯೇಸುವನ್ನು ಮಲಗಿಸಿರುತ್ತಿದ್ದಳು. ಮನೆಯೆಲ್ಲ ಸಾಂಬ್ರಾಣಿ, ಬೆಳ್ಳುಳ್ಳಿಯ ವಾಸನೆ. ನಾವು ಬಗ್ಗಿ ನೋಡಿದ ಕೂಡಲೇ ಪ್ರತಿ ವರ್ಷವೂ ಅವಳು ಕೇಳುತ್ತಿದ್ದುದು ಒಂದೇ.

“ಯಾರಂಗವ್ನೆ ನೋಡೇ?”

ನನ್ನಂಗೆ ಎಂದು ನಾನು, ನನ್ನಂಗೆ ಎಂದು ಲಿಲ್ಲಿ. ಅಜ್ಜಿ ಕೂಸನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ಮೂಗು ನಿಂದು, ಹಣೆ ಅವಳದು ಎಂದು ಪಾಲು ಮಾಡುತ್ತಿದ್ದಳು. ದೇವರ ಮಗನಿಗೆ ನನ್ನ ಮೂಗು ಇದೆ ಎಂದು ನಾನು ನಿಜಕ್ಕೂ ನಂಬಿದ್ದೆ. ಅಲ್ಲಿಂದ ಬಾಣಂತನ. ಫೆಬ್ರವರಿಯಲ್ಲಿ ಮೇಣದ ಬತ್ತಿ ಮಂತ್ರಿಸುವ ಹಬ್ಬ ಬರುವವರೆಗೆ ನಮಗೆಲ್ಲ ಬಾಣಂತಿಯ ಊಟ: ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ತುಪ್ಪ ಹಾಕಿದ ಬಿಸಿ ಅನ್ನ, ಒಣಶುಂಠಿ ಬೆಲ್ಲ ಕುಟ್ಟಿದ ಖಾರದ ಉಂಡೆ. ಕೂಸು ಮಲಗಿದೆ, ಮೆಲ್ಲಗೆ ನಡೆಯಿರಿ ಎಂಬ ಮಾತು ದಿನಕ್ಕೆ ಎಷ್ಟು ಸಲವೋ. ಉಳಿದವರ ಹಬ್ಬ ಮುಗಿದುಹೋದ ಮೇಲೆ ನಮ್ಮದು ಶುರುವಾಗುತ್ತಿತ್ತು.

ಅಪ್ಪನಿಗೆ ಬಸ್ ನಿಲ್ದಾಣದ ಹತ್ತಿರ ಫ್ಯಾನ್ಸಿ ಸ್ಟೋರು. ಬಳೆ, ರಿಬ್ಬನ್ನು, ಸ್ನೋ, ಪೌಡರು. ಪಕ್ಕದಲ್ಲೇ ಶೆಟ್ಟರ ಬಟ್ಟೆ ಅಂಗಡಿ. ಅವರು ಒಂದು ವರ್ಷ ಅಂಗಡಿಯ ಮುಂದೆ ಆಳೆತ್ತರದ ಗಾಜು ಹಾಕಿಸಿದರು. ಮೈಸೂರಿನ ಅಂಗಡಿಗಳಲ್ಲಿ ಡಿಸೆಂಬರಿನಲ್ಲಿ ನಕ್ಷತ್ರ ತೂಗುಹಾಕಿ ರಿಯಾಯಿತಿ ಮಾರಾಟ ಮಾಡುವುದನ್ನು ನೋಡಿ ಬಂದು, ಇಲ್ಲೂ ಕ್ರಿಸ್ಮಸ್ಸು, ಹೊಸ ವರ್ಷ, ಸಂಕ್ರಾಂತಿ ಮೂರಕ್ಕೂ ಸೇರಿಸಿ ಒಂದು ಮಾರಾಟ ಇಡೋಣ ಎಂದು ಹೊರಟರು. ಕ್ರಿಸ್ಮಸ್ಸಿನ ವಿಷಯ ಯಾರನ್ನು ಕೇಳಬೇಕು? ಪೇಟೆಯಲ್ಲಿದ್ದ ಒಬ್ಬನೇ ಕ್ರೈಸ್ತ ವ್ಯಾಪಾರಿ ನನ್ನ ಅಪ್ಪ ಚೌರಪ್ಪ. ಅಪ್ಪನಿಗೆ ಅಲ್ಲಿಯವರೆಗೆ ಯಾರೂ ಯಾವ ವಿಷಯಕ್ಕೂ ಸಲಹೆ ಕೇಳಿದ್ದಿಲ್ಲ. ಶೆಟ್ಟರು ಗಾಜಿನೊಳಗೆ ಇಡಲು ಏನಾದರೂ ಹಳೆಯದು, ಒಳ್ಳೆಯದು ಇದೆಯಾ ಎಂದಾಗ ಅವನು ಹಿಗ್ಗಿ, ನಮ್ಮ ಮನೆಯ ಮಾತೆಯೇ ಇದ್ದಾಳಲ್ಲ ಎಂದುಬಿಟ್ಟ. ಅಜ್ಜಿಯನ್ನು ಕೇಳಲಿಲ್ಲ. ಮರಿಯಮ್ಮ ನಿಂಗಮ್ಮನ ಮನೆಯಲ್ಲಿದ್ದ ಆ ಒಂದು ದಿನ ನೋಡಿಕೊಂಡು, ಅಜ್ಜಿಯೇ ಕಳಿಸಿದ್ದಾಳೆ ಎಂದು ಸುಳ್ಳು ಹೇಳಿ ಎತ್ತಿಕೊಂಡು ಹೋದ.

ಮಾರನೆಯ ದಿನ ನಾವು ಹೂವು ಬಳೆ ಹಿಡಿದು ಎದುರುಮನೆಗೆ ಹೋದರೆ ಮಣೆ ಖಾಲಿ. ನಿಂಗಮ್ಮ ಗಾಬರಿಯಾಗಿ, ನಿನ್ನ ಮಗನೇ ಬಂದು ಕರೆದುಕೊಂಡು ಹೋದನಲ್ಲ ಎಂದಳು. ಅಜ್ಜಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಪೇಟೆಯ ಕಡೆಗೆ ನಡೆದಳು. ಹಿಂದೆ ನಾನು, ಲಿಲ್ಲಿ, ನಿಂಗಮ್ಮ. ಅವ್ವ ಬೇಡ ಬೇಡ ಎನ್ನುತ್ತಲೇ ಬಾಗಿಲಿಗೆ ಬೀಗ ಹಾಕಿಕೊಂಡು ಓಡಿ ಬಂದಳು. ಗಾಜಿನೊಳಗೆ ಮರಿಯಮ್ಮ ಜರಿಯ ಸೀರೆಯುಟ್ಟು ನಿಂತಿದ್ದಳು. ಕಾಲಬುಡದಲ್ಲಿ ಹಿಮದ ಹಾಗೆ ಹತ್ತಿ ಹರಡಿದ್ದರು. ಒಂದು ಕಡೆ ಕೆಂಪು ಟೋಪಿಯ ತಾತ, ಇನ್ನೊಂದು ಕಡೆ ಶರಟು ಪ್ಯಾಂಟಿನ ಆಳೆತ್ತರದ ಗೊಂಬೆ. ಅಜ್ಜಿ ಕೂಗಾಡುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಚಪ್ಪಲಿ ಬಿಟ್ಟು, ಅಂಗಡಿಯ ಹೊಸಿಲಿನ ಒಳಗೆ, ಬೀಗರ ಮನೆಗೆ ಹೋದವರು ಕೂರುವ ಹಾಗೆ ನೆಲದ ಮೇಲೆ ಕೂತಳು. ಅಪ್ಪ ಪಕ್ಕದ ಅಂಗಡಿಯಿಂದ ಇಣುಕಿ ಹಾಗೇ ಒಳಗೆ ಸರಿದ.

“ಶೆಟ್ರೆ, ನಮ್ಮುಡ್ಗಿ ನಿಮ್ಮನೇಲವ್ಳೆ. ತುಂಬಿದ್ ಬಸ್ರಿ. ಕರ್ಕಂಡೋಗಾಕೆ ಬಂದಿವ್ನಿ, ಕಳ್ಸಿಕೊಡಿ.”

ಶೆಟ್ಟರಿಗೆ ಅರ್ಥವಾಗಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅವರ ಹೆಂಡತಿಗೆ ಕೂಡಲೇ ಅರ್ಥವಾಯಿತು. ಆಕೆ ಎದ್ದು ಬಂದು ಗಾಜಿನ ಬಾಗಿಲು ತೆಗೆಸಿ, ಮರಿಯಮ್ಮನನ್ನು ಎರಡೂ ಕೈಯಲ್ಲಿ ಎತ್ತಿ ಗಾದಿಯ ಮೇಲೆ ಕೂರಿಸಿದರು. ಹುಡುಗರನ್ನು ಓಡಿಸಿ ಅಕ್ಕಿ, ಬೆಲ್ಲ, ಎಲೆ ಅಡಿಕೆ ತರಿಸಿದರು. ಸೀರೆ ಕೊಳ್ಳಲು ಬಂದಿದ್ದ ಹೆಂಗಸರೂ ಸುತ್ತ ಕೂತರು. ಒಬ್ಬಳು ತನ್ನ ಮುಡಿಯ ಹೂವನ್ನೇ ತೆಗೆದು ಮುಡಿಸಿದಳು. ಶೆಟ್ಟರ ಹೆಂಡತಿ ಮಡಿಲು ತುಂಬುತ್ತ ಕಣ್ಣೊರೆಸಿಕೊಂಡರು. ಆಕೆಗೆ ಮಕ್ಕಳಿರಲಿಲ್ಲ ಎಂದು ಆಮೇಲೆ ಅವ್ವ ಹೇಳಿದಳು. ಆ ಜರಿಯ ಸೀರೆಯನ್ನು ಬಿಚ್ಚಲು ಬಿಡದೆ, ಗಂಡನ ಮನೆಯ ಸೀರೆ ಎಂದು ಹೇಳಿ ಹಾಗೇ ಕಳಿಸಿಕೊಟ್ಟರು. ಅಜ್ಜಿ ಮರಿಯಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಪೇಟೆಯ ನಟ್ಟನಡುವೆ ನಡೆದು ಬಂದಳು. ನಾನು ಕಂಡ ಅತ್ಯಂತ ಸುಖದ ಕ್ರಿಸ್ಮಸ್ಸು ಅದು. ಅಲ್ಲಿಗೇ ನಿಂತಿದ್ದರೆ ಈ ಅಧ್ಯಾಯವನ್ನು ನಾನು ನಗುನಗುತ್ತ ಮುಗಿಸಿಬಿಡುತ್ತಿದ್ದೆ.

ಶೆಟ್ಟರು ಕೆಟ್ಟವರಲ್ಲ, ಅಪ್ಪನೂ ಕೆಟ್ಟವನಲ್ಲ. ಆದರೆ ಆವತ್ತು ಗಾಜಿನ ಹೊರಗೆ ಎಷ್ಟು ಜನ ನಿಂತಿದ್ದರು ಎಂಬುದನ್ನು ಇಬ್ಬರೂ ನೋಡಿದ್ದರು. ಮುಂದಿನ ವರ್ಷ ಆಟೋದಲ್ಲಿ ಮೈಕು ಕಟ್ಟಿ ಊರೆಲ್ಲ ಸಾರಿಸಿದರು: ಮೇರಿ ಮಾತೆಗೆ ಸೀಮಂತ, ಸೀರೆ ಕೊಂಡ ಮುತ್ತೈದೆಯರಿಗೆ ಬಳೆ ಉಚಿತ. ಬಳೆ ನಮ್ಮ ಅಂಗಡಿಯದೇ. ಅಜ್ಜಿ ಒಪ್ಪಲಾರಳು ಎಂದು ಅವ್ವ ಎಷ್ಟೋ ಹೇಳಿದಳು. ಹಿತ್ತಿಲಿಗೆ ಹೋಗದೆ ನಡುಮನೆಯಲ್ಲೇ ಜಗಳವಾಯಿತು. ಆದರೆ ಅಪ್ಪ ಅಜ್ಜಿಯ ಮುಂದೆ ಇಟ್ಟ ಮಾತು ಗಟ್ಟಿಯಾಗಿತ್ತು. ಇಷ್ಟು ವರ್ಷ ನಮ್ಮ ಮರಿಯಮ್ಮನನ್ನು ಈ ಊರಿನಲ್ಲಿ ಕೇಳುವವರಿರಲಿಲ್ಲ, ಈಗ ಎಲ್ಲ ಜಾತಿಯ ಹೆಂಗಸರೂ ಬಂದು ಅವಳ ಮಡಿಲು ತುಂಬುತ್ತಾರೆ, ಅದು ನಿನಗೆ ಬೇಡವಾ ಎಂದ. ಅಜ್ಜಿ ಸೋತದ್ದು ಆ ಮಾತಿಗೆ. ತನ್ನ ಮಗಳನ್ನು ನಾಲ್ಕು ಜನ ಆದರಿಸುವುದು ಯಾವ ತಾಯಿಗೆ ಬೇಡ? ಅವಳು ಒಪ್ಪಿದ್ದಲ್ಲದೆ, ಗುಡಾರದಲ್ಲಿದ್ದ ಆ ವರ್ಷದ ಬಸುರಿಗೂ, ಗಂಗವ್ವ ಎಂದು ಅವಳ ಹೆಸರು, ನೀನೂ ಬಾರವ್ವ, ಬಳೆ ತೊಡಿಸುತ್ತಾರೆ ಎಂದು ಹೇಳಿ ಬಂದಳು.

ಅಂಗಡಿಯ ಮುಂದೆ ಶಾಮಿಯಾನ ಹಾಕಿದ್ದರು. ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿ, ಕೊರಳಿಗೆ ಸುಗಂಧರಾಜದ ಹಾರ. ಮೈಕಿನಲ್ಲಿ ಯಾರೋ ಅವಳನ್ನು ಮಾತೆಯ ಮಾತೆ ಎಂದು ಕರೆದರು. ಸಾಲಿನಲ್ಲಿ ಬಂದ ಹೆಂಗಸರು ಕೈಯಲ್ಲಿ ಸೀರೆ ಕೊಂಡ ಬಿಲ್ಲು ಹಿಡಿದಿದ್ದರು. ಬಿಲ್ಲು ನೋಡಿ ಒಬ್ಬ ಹುಡುಗ ಒಳಗೆ ಬಿಡುತ್ತಿದ್ದ. ಅಪ್ಪ ಬಳೆ ಎಣಿಸಿ ಕೊಡುತ್ತಿದ್ದ. ಗಂಗವ್ವ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆಯುಟ್ಟು ಬಂದಿದ್ದಳು. ನಾನೇ ಮೊದಲು ಅವಳನ್ನು ನೋಡಿದೆ. ಮೆಟ್ಟಿಲ ಹತ್ತಿರ ಆ ಹುಡುಗ ಬಿಲ್ಲು ಕೇಳಿದ. ಅವಳು ಅಜ್ಜಿಯ ಕಡೆ ಕೈ ತೋರಿಸಿದಳು. ಅವನು ನಗುತ್ತಲೇ, ಒರಟಾಗಿ ಅಲ್ಲ, ಅವಳನ್ನು ಪಕ್ಕಕ್ಕೆ ನಿಲ್ಲಿಸಿ ಹಿಂದಿನವರನ್ನು ಬಿಟ್ಟ. ಅಜ್ಜಿ ಕುರ್ಚಿಯಿಂದ ಏಳಲು ನೋಡಿದಳು. ಅಷ್ಟರಲ್ಲಿ ಯಾರೋ ಅವಳ ಕೈಗೆ ಆರತಿ ತಟ್ಟೆ ಕೊಟ್ಟರು. ಅವಳು ಮತ್ತೆ ತಲೆಯೆತ್ತುವ ಹೊತ್ತಿಗೆ ಗಂಗವ್ವ ಇರಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ನಿಂಗಮ್ಮ, ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ ಎಂದು ಗೊಣಗಿದಳು. ಮಾರನೆಯ ಬೆಳಗ್ಗೆ ಮುದ್ದೆ ಸಾರು ಹಿಡಿದು ಗುಡಾರಕ್ಕೆ ಹೋದಾಗ ಗಂಗವ್ವ ಮಾಮೂಲಿನಂತೆ ನಗಲಿಲ್ಲ. ಕುಕ್ಕೆ ಇಸಿದುಕೊಂಡು, ಬೇರೆಯವರಿಗೆ ಹಂಚಿ, ತಾನು ತಿನ್ನದೆ ಕಬ್ಬಿನ ಗದ್ದೆಗೆ ಹೊರಟುಹೋದಳು.

ಅದರ ಮುಂದಿನ ಡಿಸೆಂಬರಿನಲ್ಲಿ ನಾನು ಆ ಮೂಲೆಯ ಚೀಲಗಳನ್ನು ಸರಿಸುವುದನ್ನು ಕಾಯುತ್ತಿದ್ದೆ. ಅಜ್ಜಿ ಸರಿಸಲಿಲ್ಲ. ಭಾನುವಾರ ಬಂತು, ಹೋಯಿತು. ಅಪ್ಪನಿಗೆ ಅವಸರ. ಕರಪತ್ರ ಅಚ್ಚಾಗಿತ್ತು, ಶೆಟ್ಟರು ಎರಡು ಸಲ ಹೇಳಿ ಕಳಿಸಿದ್ದರು. ಅವನು ಅಜ್ಜಿಯ ಮುಂದೆ ಕೂತು, ಮರಿಯಮ್ಮನನ್ನು ಯಾವತ್ತು ಕರೆಸಿಕೊಳ್ಳೋಣ ಎಂದು ಮೆತ್ತಗೆ ಕೇಳಿದ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ ಹೇಳಿದಳು:

“ಈ ವರ್ಸ ಅವ್ಳು ಬಸ್ರಿ ಆಗಿಲ್ಲ ಕಣ್ಲಾ ಚೌರ.”

ಅಪ್ಪನಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಅವನು ಮೈಸೂರಿಗೆ ಹೋಗಿ ಬೇರೆ ಸ್ವರೂಪ ತಂದು ಶೆಟ್ಟರ ಗಾಜಿನೊಳಗೆ ಇಟ್ಟ. ಅಲ್ಲಿ ಯಾವುದೂ ನಿಲ್ಲಲಿಲ್ಲ. ನಿಂತದ್ದು ನಮ್ಮ ಮನೆಯಲ್ಲಿ. ಅಜ್ಜಿ ತನ್ನ ಮಗಳನ್ನು ಪೇಟೆಯಿಂದ ಕಾಪಾಡಿಕೊಂಡಳು, ಸರಿ. ಆದರೆ ಅವಳಿಗೆ ನಾವೂ ಪೇಟೆಯವರಾಗಿಬಿಟ್ಟೆವಾ? ನಾನು ಸೀಬೆಕಾಯಿ ಉಳಿಸಿಟ್ಟುಕೊಂಡಿದ್ದೆ. ಸಂಜೆ ಜಪವಾದ ಮೇಲೆ ಅದನ್ನು ಹಿಡಿದು ಎಲ್ಲಿಡಬೇಕೆಂದು ತಿಳಿಯದೆ ಅವಳ ಮುಂದೆ ನಿಂತು, ಹಾಗಾದರೆ ಹಬ್ಬದ ದಿನ ಕೂಸು ಎಲ್ಲಿ ಹುಟ್ಟುತ್ತದೆ ಎಂದು ಕೇಳಿದೆ.

“ಅಂಗ್ಡೀಲುಟ್ತದೆ, ಓಗು.”

ಆ ಮಾತನ್ನು ಅವಳು ಅಪ್ಪನಿಗೆ ತಾಗಲೆಂದು ಹೇಳಿದ್ದು, ನನಗಲ್ಲ. ಆದರೆ ಕೇಳಿಸಿಕೊಂಡವಳು ನಾನು. ಆ ವರ್ಷ ಮನೆಯ ಮುಂದೆ ನಕ್ಷತ್ರ ತೂಗಿತು. ಅಪ್ಪ ಬೇಕರಿಯಿಂದ ಗುಲಾಬಿ ಬಣ್ಣದ ಕೇಕು ತಂದ. ಲಿಲ್ಲಿಗೆ ಬಹಳ ಖುಷಿಯಾಯಿತು. ಪೂಜೆಯಿಂದ ಓಡಿಕೊಂಡು ಬರಲು ಕಾರಣವಿರಲಿಲ್ಲವಾದ್ದರಿಂದ ಎಲ್ಲರೂ ನಿಧಾನವಾಗಿ ನಡೆದು ಬಂದೆವು. ಅಜ್ಜಿಯೂ ಆ ಸಲ ನಮ್ಮ ಜೊತೆ ಪೂಜೆಗೆ ಬಂದಿದ್ದಳು. ದೇವಾಲಯದ ಗೋದಲಿಯ ಮುಂದೆ ಎಲ್ಲರ ಹಾಗೆ ಮೊಣಕಾಲೂರಿ, ಎಲ್ಲರ ಹಾಗೆ ಎದ್ದು ಬಂದಳು. ಯಾರ ಹಾಗಿದ್ದಾನೆ ಎಂದು ನಮ್ಮನ್ನು ಕೇಳಲಿಲ್ಲ. ಗುಡಾರಗಳಿಗೆ ಅವಳು ಸಾಯುವವರೆಗೂ ಮುದ್ದೆ ಹೊತ್ತುಕೊಂಡು ಹೋಗುತ್ತಿದ್ದಳು, ಒಬ್ಬಳೇ.

ಅವಳು ಹೋದ ಮೇಲೆ ಮರದ ಮರಿಯಮ್ಮ ನನ್ನ ಪಾಲಿಗೆ ಬಂದಳು. ನಾನು ಶ್ರೀರಂಗಪಟ್ಟಣಕ್ಕೆ ಮದುವೆಯಾಗಿ ಬಂದಿದ್ದೆ. ನನ್ನ ಮಗಳು ಜೆಸಿಂತಾಳಿಗೆ ಏಳೆಂಟು ವರ್ಷವಾದಾಗ, ಅವಳ ಕ್ರಿಸ್ಮಸ್ಸೆಲ್ಲ ಕೇಕಿನ ಮೇಲಿನ ಚೆರ್ರಿ, ಶಾಲೆಯ ಗಿಫ್ಟು, ಟೀವಿಯ ಜಾಹೀರಾತು ಎಂಬುದನ್ನು ನೋಡಿ ನನಗೆ ದಿಗಿಲಾಯಿತು. ನಾನು ನಂಬಿದ್ದನ್ನು ಇವಳೂ ನಂಬಬೇಕು, ಬಾಯಿಪಾಠದಲ್ಲಲ್ಲ, ಮೈಯಲ್ಲಿ, ಎಂಬ ಹಟ ಬಂತು. ಹಾಲ್‌ನ ಮೂಲೆಯಿಂದ ಫ್ರಿಜ್ಜು ಸರಿಸಿ, ಮಣೆ ಹಾಕಿ, ನನ್ನ ಹಳೇ ಸೀರೆ ಮಡಿಸಿ ಹಾಸಿದೆ. ಪಕ್ಕದ ಮನೆಯವರಿಗೆ ಹೇಳಿ ಬೀಗರಾಗಲು ಒಪ್ಪಿಸಿದೆ. ಹೂವು, ಹಸಿರು ಬಳೆ ತಂದು ತಟ್ಟೆಯಲ್ಲಿ ಜೋಡಿಸುತ್ತಿರುವಾಗ ಮಗಳು ಬಂದು ನೋಡಿದಳು. ಅವಳಿಗೆ ಒಂದು ಕ್ಷಣದಲ್ಲಿ ಗುರುತು ಹತ್ತಿತು. ಪ್ರತಿ ಡಿಸೆಂಬರಿನಲ್ಲೂ ಅವಳ ತಾತ ಅವಳನ್ನು ಪಾಂಡವಪುರಕ್ಕೆ ಕರೆದುಕೊಂಡು ಹೋಗಿ ಶೆಟ್ಟರ ಅಂಗಡಿಯ ಸೀಮಂತ ತೋರಿಸುತ್ತಿದ್ದ. ಈಗ ಅದು ಮೂರು ಅಂತಸ್ತಿನ ಅಂಗಡಿ, ಲಕ್ಕಿ ಡ್ರಾ ಬೇರೆ ಇದೆ.

ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಗೋಣಿತಾಟು, ನಿಂಗಮ್ಮನ ಗತ್ತು, ಹಿತ್ತಿಲ ಜಗಳ, ಗುಡಾರದ ಬಸುರಿಯರು, ಗಂಗವ್ವ, ಒಂದನ್ನೂ ಬಿಡಲಿಲ್ಲ. ಅವಳು ಜಾಣೆ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಕೇಳಿದಳು:

“ಅಂದ್ರೆ ಅಂಗಡಿಯವರನ್ನ ನೋಡಿ ಮುತ್ತಜ್ಜಿನೂ ಮನೇಲಿ ಮಾಡೋಕೆ ಶುರು ಮಾಡಿದ್ರಾ ಅಮ್ಮ?”

“ಇಲ್ಲ ಕಣೇ. ಮುತ್ತಜ್ಜೀನ ನೋಡಿ ಅಂಗಡಿಯವರು ಕಲಿತಿದ್ದು.”

ಅವಳು ನನ್ನ ಮುಖವನ್ನು ನೋಡಿದಳು. ನನ್ನ ಕಣ್ಣು ಒದ್ದೆಯಾದದ್ದನ್ನು ಕಂಡು, ನನಗೆ ಬೇಜಾರು ಮಾಡಬಾರದೆಂದು ನಿರ್ಧರಿಸಿದವಳ ಹಾಗೆ ನನ್ನ ಕೆನ್ನೆ ಸವರಿದಳು.

“ಇರಬಹುದು ಬಿಡಮ್ಮ” ಎಂದಳು.